ಅಪ್ಪನ ಅಂಬಾಸಿಡರಿನ ಪಾಯಿಂಟು ಬಿಚ್ಚಿದ್ದು

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಓದಿದೆ ಅಂದರೆ ಪಾಸಾದೆ ಅಂತಲ್ಲ. ಇಂಜಿನ್ನಿನ ಪೇಪರಿಗೆ ನನ್ನ ಮೇಲೆ ವಿಪರೀತ ಪ್ರೀತಿ, ವರ್ಷ ವರ್ಷವೂ ವಾಪಸ್ ಕರೆಸಿಕೊಳ್ಳುತ್ತಿತ್ತು. ಅಂಥವನ ಪಾಲಿಗೆ ಅಪ್ಪನ ಹಳೆಯ ಪೆಟ್ರೋಲ್ ಅಂಬಾಸಿಡರ್ ಬಂತು.

ಅಪ್ಪ ಅದನ್ನು ಕೊಳ್ಳೇಗಾಲದಲ್ಲಿ ಬಾಡಿಗೆಗೆ ಓಡಿಸುತ್ತಿದ್ದ. ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವ ಹರಕೆಯವರಿಗೂ ಅದೇ, ಯಳಂದೂರು ಕಡೆಯ ಮದುವೆ ದಿಬ್ಬಣಕ್ಕೂ ಅದೇ. ದಾರಿಯಲ್ಲಿ ಕಾರು ಕೆಮ್ಮಿ ನಿಂತರೆ ಅಪ್ಪ ಇಳಿದು, ನಾಲ್ಕು ಪ್ಲಗ್ಗಿಗೂ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯುತ್ತಿದ್ದ. ಒಳಗೆ ಪಾಯಿಂಟು ಅಂತ ಇರುತ್ತದೆ. ಎರಡು ಪುಟ್ಟ ಲೋಹದ ಬಿಲ್ಲೆಗಳು, ಕೂಡುತ್ತವೆ, ಬಿಡುತ್ತವೆ. ಬಿಟ್ಟಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅವು ಸುಟ್ಟು ಕಪ್ಪಾದರೆ ಕಿಡಿಯೂ ಇಲ್ಲ, ಓಟವೂ ಇಲ್ಲ. ಅಪ್ಪ ಬೆಂಕಿಪೊಟ್ಟಣದ ಮಗ್ಗುಲಿನಿಂದ ಅವನ್ನು ಉಜ್ಜಿ, ಬೀಡಿ ಕಟ್ಟಿನ ಕಾಗದ ಮಡಚಿ ನಡುವೆ ತೂರಿಸಿ ಅಂತರ ನೋಡಿ, ಮುಚ್ಚಳ ಹಾಕುತ್ತಿದ್ದ. ನನಗೂ ಕಲಿಸಲು ನೋಡಿದ. ನಾನು ಎಷ್ಟು ಶ್ರದ್ಧೆಯಿಂದ ಉಜ್ಜಿದೆನೆಂದರೆ ಕೊನೆಗೆ ಅಲ್ಲಿ ಪಾಯಿಂಟೇ ಉಳಿಯಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಅವತ್ತು ನಾನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ಕಾಫಿ ಕೊಟ್ಟೆ, ಶಾಮಿಯಾನದವನ ಜೊತೆ ಜೋಕು ಹೊಡೆದೆ. ಹುಡುಗ ಗಟ್ಟಿ ಅಂದರು ಎಲ್ಲರೂ. ಹಲ್ಲು ಕೀಳುವ ಮುಂಚೆ ದವಡೆಗೆ ಕೊಡುವ ಇಂಜೆಕ್ಷನ್ನನ್ನು ಯಾರೋ ಮೈಗೆಲ್ಲ ಕೊಟ್ಟ ಹಾಗಿತ್ತು ಅಂತ ಅವರಿಗೇನು ಗೊತ್ತು. ಅದು ಇಳಿಯುತ್ತದೆ, ಇಳಿದ ಮೇಲೆ ನೋಯುತ್ತದೆ ಅಂತ ಕಾಯುತ್ತಾ ಇದ್ದೆ. ಇಳಿಯಲಿಲ್ಲ.

ಕಾರು ಬಾಗಿಲ ಮುಂದೆಯೇ ನಿಂತಿತ್ತು. ಅವ್ವ ಬೆಳಿಗ್ಗೆ ಬಾಗಿಲು ತೆಗೆದಾಗಲೆಲ್ಲ ಅದನ್ನು ನೋಡಿ ಒಳಕ್ಕೆ ಬಂದುಬಿಡುತ್ತಿದ್ದಳು. ಆಮೇಲೆ ಮಾಂಬಳ್ಳಿಯಲ್ಲಿರುವ ಅವಳ ತಮ್ಮ, ಅಂದರೆ ನನ್ನ ಮಾವ, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋಗಿ ತನ್ನ ಶೆಡ್ಡಿನಲ್ಲಿ ನಿಲ್ಲಿಸಿಕೊಂಡ. ಈ ವರ್ಷ ಗೌರಿಹಬ್ಬ ಕಳೆದ ಮೇಲೆ ಫೋನ್ ಮಾಡಿದ.

"ಲೋ ಅಳಿಯ, ಆಯುದಪೂಜೆಗೆ ನಂದು ಟಿಲ್ಲರ್ ಬತ್ತದೆ. ಶೆಡ್ ಖಾಲಿ ಆಗ್ಬೇಕು. ಓಡಿಸ್ಕಂಡ್ ಓದ್ರೆ ನಿಂದು, ಇಲ್ಲಾಂದ್ರೆ ಗುಜರಿಯವನ್ದು. ಅವ್ನಿಗೆ ಏಳ್ಬುಟ್ಟಿವ್ನಿ."

ಅವ್ವನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಓಡೋದಾದ್ರೆ ತಕಂಬಾ ಕಣ್ಲಾ. ಕೆಟ್ಟು ನಿಂತಿರೋದ ಬಾಗ್ಲ ಮುಂದ ನೋಡಕಾಗಲ್ಲ ನಂಗೆ."

ಅಲ್ಲಿಗೆ ವಿಷಯ ಸರಳವಾಯಿತು. ಓಡಿದರೆ ಮನೆಗೆ, ಓಡದಿದ್ದರೆ ಗುಜರಿಗೆ. ಅಪ್ಪನದು ಅಂತ ಉಳಿದಿದ್ದ ದೊಡ್ಡ ವಸ್ತು ಅದೊಂದೇ.

ಹನೂರಿನಲ್ಲಿ ಅಪ್ಪನ ಸ್ನೇಹಿತನೊಬ್ಬ ಮೆಕ್ಯಾನಿಕ್ ಇದ್ದಾನೆ. ಬಸ್ಸು ಹತ್ತಿ ಹೋದೆ. ಆತ ಸ್ಕೂಟರಿನ ಪಂಚರ್ ಹಾಕುತ್ತಿದ್ದ.

"ನಂಗೆ ಕಣ್ಣು ಮಂಜಾಗದೆ ಕಣಪ್ಪ, ಪಾಯಿಂಟ್ ಗ್ಯಾಪ್ ಎಲ್ಲಿ ಕಾಣ್ತದೆ. ಅದ ಕಿತ್ತಾಕ್ಬುಟ್ಟು ಎಲೆಕ್ಟ್ರಾನಿಕ್ ಕಿಟ್ ಆಕ್ಸು. ಉಜ್ಜೋ ಅಂಗಿಲ್ಲ, ಗ್ಯಾಪ್ ನೋಡೋ ಅಂಗಿಲ್ಲ."

"ನೀವು ಆಕಿದ್ದೀರಾ ಅಣ್ಣ?"

"ನಾ ಆಕಿಲ್ಲ. ಆಕ್ಸಿದೋರು ಮತ್ತ ನನ್ತಾವ ಬಂದಿಲ್ಲ."

"ಅಷ್ಟು ಚೆನ್ನಾಗ್ ಓಡ್ತದಾ?"

"ಯಾರ್ಗೊತ್ತು. ಗಾಡಿನೇ ಮಾರ್ಬುಟ್ರೇನೋ."

ಇಂಥ ಭರವಸೆ ಸಿಕ್ಕ ಮೇಲೆ ತಡಮಾಡುವುದುಂಟೇ. ಆನ್‌ಲೈನಿನಲ್ಲಿ ಕಿಟ್ ತರಿಸಿದೆ. ಡಬ್ಬಿ ಬಿಚ್ಚಿದರೆ ಹುಣಸೆ ಬೀಜದಷ್ಟು ದೊಡ್ಡದೊಂದು ಕಪ್ಪು ತುಂಡು, ಒಂದು ಅಯಸ್ಕಾಂತದ ಬಳೆ, ಕೆಂಪು ಕಪ್ಪು ಎರಡು ವೈರು. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನಂಬಿಕೆ ಬಂದ ಹಾಗೆ ಕಾಣಲಿಲ್ಲ. ವಿಭೂತಿ ಗಟ್ಟಿಯನ್ನೂ ಕುಂಕುಮವನ್ನೂ ಕಾಗದದಲ್ಲಿ ಕಟ್ಟಿ ಕೊಟ್ಟಳು.

"ಒಸಾ ಸಾಮಾನು. ಇಬೂತಿ ಇಕ್ದೆ ಜೋಡಿಸ್ಬ್ಯಾಡ."

ಆಯುಧಪೂಜೆಗೆ ಮುಂಚಿನ ದಿನ ಬೆಳಿಗ್ಗೆ ಮಾಂಬಳ್ಳಿಗೆ ಹೋದೆ. ನನಗಿಂತ ಮೊದಲೇ ಗುಜರಿಯವನು ಟೆಂಪೋ ತಂದು ನಿಲ್ಲಿಸಿಕೊಂಡು, ತೆಂಗಿನ ಮರದ ನೆರಳಲ್ಲಿ ಕೂತಿದ್ದ. ಒಳ್ಳೆಯ ಮನುಷ್ಯ, ನಗುನಗುತ್ತಾ ಮಾತಾಡಿಸಿದ.

"ನಿಧಾನಕ್ ಮಾಡಿ ಸಾ. ನಂಗೇನ್ ಅರ್ಜೆಂಟಿಲ್ಲ. ಎಂಗೂ ನನ್ ಗಾಡಿಗೇ ಬರೋದು."

ಬುದ್ಧಿವಂತರು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಗುರುತು ಹಾಕಿ ತೆಗೆಯುತ್ತಾರೆ. ನಾನು ಕೊತ್ತಂಬರಿ ಸೊಪ್ಪು ಕಿತ್ತ ಹಾಗೆ ನಾಲ್ಕನ್ನೂ ಒಂದೇ ಸಲ ಕಿತ್ತೆ. ಮೊಬೈಲಿನಲ್ಲಿ ಫೋಟೋ ಹೊಡೆದಿದ್ದೆನಲ್ಲ, ಆ ಧೈರ್ಯ. ಆಮೇಲೆ ತೆಗೆದು ನೋಡಿದರೆ ಫೋಟೋದಲ್ಲಿ ನನ್ನ ಹೆಬ್ಬೆರಳು ಬಹಳ ಚೆನ್ನಾಗಿ ಬಂದಿತ್ತು. ರೇಖೆಗಳೆಲ್ಲ ಸ್ಪಷ್ಟ. ಪಾಸ್‌ಪೋರ್ಟಿಗೆ ಕೊಡಬಹುದಿತ್ತು.

ಮುಚ್ಚಳದೊಳಗೆ ಅಪ್ಪ ಕಡೆಯ ಸಲ ಹಾಕಿದ ಪಾಯಿಂಟು ಇತ್ತು. ಸ್ಕ್ರೂ ಬಿಚ್ಚಿ ಹೊರತೆಗೆದು ಅಂಗೈ ಮೇಲಿಟ್ಟುಕೊಂಡೆ. ಈಗ ಅಳು ಬರುತ್ತದೆ ಅಂದುಕೊಂಡು, ಮಾವನಿಗೆ ಕಾಣದ ಹಾಗೆ ಬಾನೆಟ್ಟಿನ ಮರೆಗೂ ಸರಿದೆ. ಏನೂ ಬರಲಿಲ್ಲ. ಹೊಟ್ಟೆ ಹಸಿಯಿತು. ಅದನ್ನು ಬೇರೆ ಸ್ಕ್ರೂಗಳ ಜೊತೆ ಪೇಪರಿನ ಮೇಲೆ ಹಾಕಿ, ಅತ್ತೆ ಕೊಟ್ಟ ಇಡ್ಲಿ ತಿಂದೆ.

ಕಪ್ಪು ತುಂಡು ಪಾಯಿಂಟಿನ ಜಾಗಕ್ಕೆ ಕೂತಿತು. ಬಳೆ ನಡುವಿನ ದಂಡಕ್ಕೆ ಇಳಿಯಿತು. ಕೆಂಪು ವೈರು, ಕಿಡಿಗೆ ಕರೆಂಟು ಕೊಡುವ ಕಾಯಿಲ್ಲಿನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಇನ್ನು ವಿಭೂತಿ. ಆ ತುಂಡಿನ ಮೇಲೆ ಮೂರು ಬೆರಳು ಆಡಿಸಲು ಜಾಗವಿರಲಿಲ್ಲ. ಹಾಗಾಗಿ ನೀರು ಹಾಕಿ ಕಲೆಸಿ, ಮುಚ್ಚಳದ ಒಳಮೈಗೆ ದಪ್ಪವಾಗಿ ಮೂರು ಪಟ್ಟೆ ಎಳೆದೆ. ಒಳಗೆ ತಿರುಗುವ ರೋಟರಿಗೆ ಒಂದು ಬೊಟ್ಟು ಕುಂಕುಮ. ನೋಡಲು ಪುಟ್ಟ ಗುಡಿಯ ಹಾಗಿತ್ತು. ಕೈ ಮುಗಿದು ಮುಚ್ಚಿದೆ.

ವೈರುಗಳ ಕ್ರಮವನ್ನು ಮೊಬೈಲಿನ ವೀಡಿಯೋ ನೋಡಿ ಜೋಡಿಸಿ, ಚಾರ್ಜ್ ಮಾಡಿಸಿ ತಂದಿದ್ದ ಬ್ಯಾಟರಿ ಕೂರಿಸಿ, ಕೀ ತಿರುಗಿಸಿದೆ. ಇಂಜಿನ್ನು ಎರಡು ಸಲ ನರಳಿತು. ಮೂರನೆಯದಕ್ಕೆ ಸೈಲೆನ್ಸರಿನಿಂದ ಬಂದ ಶಬ್ದಕ್ಕೆ ಮಾಂಬಳ್ಳಿಯ ಕಾಗೆಗಳೆಲ್ಲ ಎದ್ದು ಹೊನ್ನೂರಿಗೆ ವಲಸೆ ಹೋದವು. ಮಾವನ ಎಮ್ಮೆ ಹಗ್ಗ ಕಿತ್ತುಕೊಂಡು ಗದ್ದೆಗೆ ಇಳಿಯಿತು.

"ಏನ್ಲಾ ಮಾಡ್ದೆ?" ಎಂದ ಮಾವ, ಎಮ್ಮೆಯ ಹಿಂದೆ ಓಡುತ್ತಾ.

ಗುಜರಿಯವನು ಎದ್ದು ಟೆಂಪೋದ ಹಿಂಬಾಗಿಲು ಇಳಿಸಿ, ಹಗ್ಗ ಹೊರತೆಗೆದ. ನಾನು ಹನೂರಿನ ಮೆಕ್ಯಾನಿಕ್ಕಿಗೆ ವೀಡಿಯೋ ಕಾಲ್ ಮಾಡಿ, ಮುಚ್ಚಳ ತೆಗೆದು ತೋರಿಸಿದೆ. ಆತ ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಅದೇನ್ಲಾ ಬೆಳ್ಳಗೆ?"

"ಇಬೂತಿ ಅಣ್ಣ."

"ಬಾನೆಟ್ಗೆ ಇಟ್ಟೋರ್ನ ನೋಡಿವ್ನಿ, ರೇಡಿಯೇಟರ್ಗೆ ಇಟ್ಟೋರ್ನೂ ನೋಡಿವ್ನಿ. ಕಿಡಿ ಆರೋ ಜಾಗಕ್ ಇಟ್ಟೋನು ನೀನೊಬ್ನೇ ಕಣ್ಲಾ. ಒದ್ದೆ ಇಬೂತಿ ಮ್ಯಾಲೆ ಕರೆಂಟು ಅಂಗೇ ಅರ್ದು ಓಯ್ತದೆ. ಯಾವ್ ಪ್ಲಗ್ಗಿಗೆ ಓಗ್ಬೇಕು ಅಂತ ಅದ್ಕೇನ್ ಗೊತ್ತು. ಒರ್ಸು."

ಮಾವನ ಟವೆಲ್ಲಿನಿಂದ ಒರೆಸಿ, ಮುಚ್ಚಳವನ್ನು ಬಿಸಿಲಿಗಿಟ್ಟು ಒಣಗಿಸಿದೆ. ಕಡೆಗೆ ಒಂದು ಬೊಟ್ಟಿನಷ್ಟು ವಿಭೂತಿಯನ್ನು ಮುಚ್ಚಳದ ಹೊರಗಡೆ ಇಟ್ಟೆ, ಅವ್ವ ಕೇಳಿದರೆ ಸುಳ್ಳಾಗಬಾರದು ಅಂತ. ಮತ್ತೆ ಕೀ ತಿರುಗಿಸಿದೆ. ಹಿಡಿಯಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಅಪ್ಪನ ಕೈಯಲ್ಲಿ ಇಷ್ಟು ಮರ್ಯಾದೆಯಿಂದ ಅದು ಯಾವತ್ತೂ ಓಡಿರಲಿಲ್ಲ.

ಗುಜರಿಯವನು ಹಗ್ಗ ಸುತ್ತಿ ಒಳಗೆಸೆದ.

"ಸರಿ ಸಾ, ಮುಂದಿನ್ ವರ್ಸ ಬತ್ತೀನಿ."

ಪೆಟ್ರೋಲ್ ಬೇಕಿತ್ತು. ಯಳಂದೂರಿನ ಬಂಕಿನವರೆಗೆ ಮಾವನೂ ಬಂದ. ಕಬ್ಬಿನ ಗಾಡಿಯೊಂದನ್ನು ಹಿಂದೆ ಹಾಕಿದೆ. ಎರಡು ಉಬ್ಬು ಹಾರಿಸಿದೆ. ಮಾವ ಡ್ಯಾಶ್‌ಬೋರ್ಡನ್ನೇ ನೋಡುತ್ತಾ ಕೂತಿದ್ದ.

"ಇದೇನ್ಲಾ, ನಿಲ್ಲಕೇ ಇಲ್ವಲ್ಲ ಇದು."

"ಎಲೆಕ್ಟ್ರಾನಿಕ್ ಮಾವ."

"ಬಾವ ಇದ್ದಿದ್ರೆ ಇಷ್ಟೊತ್ಗೆ ಇಳ್ದು ಬೀಡಿ ಅಚ್ಚಿರೋರು."

ಹೇಳಿ ಅದೇ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹಣೆಗೆಲ್ಲ ವಿಭೂತಿ ಹತ್ತಿತು. ನಾನು ತೋರಿಸಿ ನಕ್ಕೆ. ಅವನಿಗೆ ನಗು ಬರಲಿಲ್ಲ. ಬಂಕಿನ ಹತ್ತಿರ ಇಳಿದು, ಆಟೋ ಹಿಡಿದು ಊರಿಗೆ ಹೋದ.

ಕೊಳ್ಳೇಗಾಲದವರೆಗೆ ಒಬ್ಬನೇ ಓಡಿಸಿದೆ. ಏನಾದರೂ ಅನ್ನಿಸಲಿ ಅಂತ ಒಂದೆರಡು ಕಡೆ ಬೇಕೆಂದೇ ನಿಧಾನ ಮಾಡಿದೆ. ಗದ್ದೆ, ತೆಂಗು, ಬಸ್ಸು. ಕಾರಿಗೂ ನನಗೂ ಹೇಳಿಕೊಳ್ಳುವಂಥ ತೊಂದರೆ ಏನೂ ಇರಲಿಲ್ಲ.

ಮನೆ ಮುಂದೆ ನಿಲ್ಲಿಸಿ ಇಂಜಿನ್ನು ಆರಿಸದೆ ಕೂತೆ. ಒಂದೇ ಸಮನೆ ಓಡುತ್ತಿತ್ತು. ಆರಿಸಿದರೆ ಮತ್ತೆ ಹಿಡಿಯದಿದ್ದರೆ ಅನ್ನುವ ಹೆದರಿಕೆ ಬಂತು. ಬೆಳಿಗ್ಗೆಯಿಂದ ನನಗೆ ಏನಾದರೂ ಅನ್ನಿಸಿದ್ದು ಅದೊಂದೇ. ಕೀ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಅವ್ವ ಬಾಗಿಲು ತೆಗೆದು ಹೊಸಿಲ ಮೇಲೆ ನಿಂತಳು. ಈ ಸಲ ಒಳಕ್ಕೆ ಹೋಗಲಿಲ್ಲ. ಕಾರನ್ನು ನೋಡಿದಳು, ನನ್ನನ್ನು ನೋಡಿದಳು.

"ಆಫ್ ಮಾಡ್ಲಾ ಮಗಾ," ಎಂದಳು. "ನಾಳಕೂ ಓಡ್ತದೆ."

ಆಫ್ ಮಾಡಿದೆ.