ಬಾಣದಕ್ಕ ಪಾಸು ಮಾಡಿದ ಬಾಟಲಿ

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಆಕೆ ಬಾಣದಕ್ಕ. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ತಪ್ಪು ಕಂಡಲ್ಲಿ ಉಗುರಿನಷ್ಟು ಅಗಲದ ಕೆಂಪು ಬಾಣದ ಚೀಟಿ ಅಂಟಿಸುವುದು ಆಕೆಯ ಕೆಲಸ. ಕಾಲರ್ ನೂಲೆಳೆಯಷ್ಟು ಓರೆಯಾದರೆ ಒಂದು ಬಾಣ, ಗುಂಡಿ ಸಡಿಲವಾದರೆ ಒಂದು ಬಾಣ, ಎಣ್ಣೆಯ ಚುಕ್ಕೆ ಬಿದ್ದಿದ್ದರೆ ಎರಡು. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಮಾಡಿ, ಯಾರದಾದರೂ ಮದುವೆಗೆ ಹೋದರೂ ಆಕೆಗೆ ಗಂಡಿನ ಮುಖಕ್ಕಿಂತ ಮೊದಲು ಅವನ ತೋಳಿನ ಹೊಲಿಗೆ ಕಾಣುತ್ತಿತ್ತು.

ತಪಾಸಣೆಯ ಮೇಜಿನಲ್ಲಿ ಎರಡು ನಿಯಮಗಳಿದ್ದವು. ತಪ್ಪು ಯಾರದೆಂದು ಗೊತ್ತಾಗದಿದ್ದರೆ ಅಂಗಿಯನ್ನು ಕೊನೆಗೆ ಮುಟ್ಟಿದವರದು. ಸೀಲ್ ಆದ ಪೆಟ್ಟಿಗೆಯನ್ನು ಮತ್ತೆ ಬಿಚ್ಚುವಂತಿಲ್ಲ, ಅದು ಪಾಸು. ಈ ಎರಡು ನಿಯಮಗಳನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ಈ ಕಥೆಯನ್ನು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆಕೆ ಬಿಟ್ಟುಬರಲಿಲ್ಲ.

ಮನೆಯಲ್ಲಿದ್ದವರು ಮೂವರು. ಬಾಣದಕ್ಕ, ಆಕೆಯ ತಮ್ಮ, ತಮ್ಮನ ಹೆಂಡತಿ. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಯಲ್ಲಿದ್ದ. ಅವನನ್ನು ಓದಿಸಿ, ದಾರಿಗೆ ಹಚ್ಚುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ಯಾವ ಬಾಗಿಲಿನಿಂದ ಆಚೆ ಹೋಯಿತೆಂದು ಆಕೆಗೇ ತಿಳಿಯಲಿಲ್ಲ. ಅದಕ್ಕಾಗಿ ಯಾರನ್ನೂ ದೂರಿದವಳೂ ಅಲ್ಲ. ತಮ್ಮ ತಂಪು ಪಾನೀಯದ ಡಿಪೋದಲ್ಲಿ ವ್ಯಾನ್ ಓಡಿಸುತ್ತಿದ್ದ. ಅವನ ಹೆಂಡತಿ ಕುಳ್ಳಗೆ, ತೆಳ್ಳಗೆ, ನಿಂತಲ್ಲಿ ನಿಲ್ಲದೆ ಓಡಾಡುವವಳು. ಮನೆಗೆ ಕಾಲಿಟ್ಟ ದಿನವೇ ಬಾಣದಕ್ಕ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಗುಬ್ಬಿ ಹಿಂಬದಿಯ ಕೋಣೆಯಲ್ಲಿ ಒಂದು ಓವನ್ ಇಟ್ಟುಕೊಂಡು ಆರ್ಡರಿನ ಮೇಲೆ ಕೇಕ್ ಮಾಡಿಕೊಡುತ್ತಿದ್ದಳು. ಓಣಿಯ ಹುಟ್ಟುಹಬ್ಬಗಳೆಲ್ಲ ಆ ಕೋಣೆಯಿಂದಲೇ ಹೊರಡುತ್ತಿದ್ದವು. ಅತ್ತಿಗೆ ನಾದಿನಿ ಎಂಬ ಹಮ್ಮುಬಿಮ್ಮು ಅವರಿಬ್ಬರ ನಡುವೆ ಇರಲಿಲ್ಲ. ಗುಬ್ಬಿ ಆಕೆಯನ್ನು “ಅತ್ತಿಗೆ, ನೀನು ಸುಮ್ನಿರು” ಎಂದು ಏಕವಚನದಲ್ಲೇ ಗದರಿಸುತ್ತಿದ್ದಳು. ಗದರಿಸಿಕೊಳ್ಳುವುದು ಬಾಣದಕ್ಕನಿಗೂ ಇಷ್ಟವಿತ್ತು.

ಐವತ್ತನೆಯ ವರ್ಷಕ್ಕೆ ಬಾಣದಕ್ಕನ ಮೈ ಇಳಿಯತೊಡಗಿತು. ರಕ್ತವಿಲ್ಲ, ಸುಸ್ತು, ಊಟವಾದ ಮೇಲೆ ಹೊಟ್ಟೆ ನಗಾರಿಯಂತೆ ಉಬ್ಬುವುದು. ಅಲ್ಲಿ ಇಲ್ಲಿ ತೋರಿಸಿ, ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕರುಳಿನ ಚೂರು ತೆಗೆದು ಪರೀಕ್ಷೆ ಮಾಡಿಸಿ ಹೇಳಿದರು: “ಗೋಧಿ, ಬಾರ್ಲೀಲಿ ಗ್ಲುಟನ್ ಅಂತ ಒಂದು ಅಂಟು ಇರುತ್ತೆ. ಅದು ನಿಮ್ಮ ಕರುಳಿಗೆ ಆಗಲ್ಲ. ಬ್ರೆಡ್ಡು, ಬಿಸ್ಕತ್ತು, ಕೇಕು ಎಲ್ಲ ಬಂದ್. ಗೋಧಿ ಹಿಟ್ಟಿನ ಕೈಯಲ್ಲಿ ಮುಟ್ಟಿದ ಪಾತ್ರೆನೂ ಬೇಡ. ಜೀವನಪೂರ್ತಿ.”

ಅವತ್ತಿನಿಂದ ಗುಬ್ಬಿ ಆ ಅಡುಗೆಮನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅತ್ತಿಗೆಗೆ ಬೇರೆ ಬಾಣಲೆ, ಬೇರೆ ಸೌಟು, ಬೇರೆ ಜರಡಿ. ಮೈದಾ, ಗೋಧಿ ಹಿಟ್ಟು ಎಲ್ಲ ಹಿಂಬದಿಯ ಕೋಣೆಗೆ. ಅಲ್ಲಿಂದ ಹೊರಗೆ ಬರುವಾಗ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮೇಲಂಗಿ ಕಳಚಿ, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿಟ್ಟು ಅಡುಗೆಮನೆಗೆ ಬರುತ್ತಿದ್ದಳು. ದಿನಕ್ಕೆ ಹತ್ತು ಸಲವಾದರೂ ಇದೇ ಕವಾಯತು. ಅವಳ ಅಂಗೈ ಚರ್ಮ ಸುಲಿದು ಕೆಂಪಾಗಿದ್ದನ್ನು ಬಾಣದಕ್ಕ ನೋಡಿರಲಿಲ್ಲವೆಂದಲ್ಲ. ಅಂಗಿಯಲ್ಲಿ ಸರಿಯಾಗಿ ಕೂತ ಹೊಲಿಗೆಯನ್ನು ನೋಡುವ ಹಾಗೆ ನೋಡಿ ಮುಂದೆ ಹೋಗಿದ್ದಳು.

ತಮ್ಮನಿಗೆ ಅಕ್ಕನ ಬಾಯಿ ಬಡವಾಯಿತೆಂಬ ಸಂಕಟ. ಟೀ ಜೊತೆಗೆ ಅದ್ದಿ ತಿನ್ನುತ್ತಿದ್ದ ಬಿಸ್ಕತ್ತೂ ಹೋಯಿತಲ್ಲ ಪಾಪ ಎಂದು ಡಿಪೋದಿಂದ ಬರುವಾಗ ಕಿತ್ತಳೆ ಬಣ್ಣದ ಪಾನೀಯದ ಬಾಟಲಿಗಳನ್ನು ತರತೊಡಗಿದ. “ಇದ್ರಲ್ಲಿ ಗೋಧಿ ಇಲ್ಲ ಅಕ್ಕ, ಬೇಕಾದ್ರೆ ನೀನೇ ಚೆಕ್ ಮಾಡು.” ಬಾಣದಕ್ಕ ಮಾಡಿದಳು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಗೋಧಿ ಇಲ್ಲ, ಬಾರ್ಲಿ ಇಲ್ಲ. ಮುಚ್ಚಳದ ಸೀಲ್ ಭದ್ರವಾಗಿದೆ. ಪಾಸು.

ಬರೀ ರುಚಿಗಾಗಿ ಕುಡಿದಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಕುಡಿದೊಡನೆ ಡರ್ರನೆ ಒಂದು ತೇಗು ಬರುತ್ತಿತ್ತು, ಹೊಟ್ಟೆ ಒಂದು ಗಳಿಗೆ ಹಗುರಾಗುತ್ತಿತ್ತು. “ನೋಡಿದ್ಯಾ, ಗ್ಯಾಸ್ ಹೋಯ್ತು” ಎಂದು ತಮ್ಮ ತಾನೇ ಆ ಪಾನೀಯವನ್ನು ಕಂಡುಹಿಡಿದವನಂತೆ ಬೀಗುತ್ತಿದ್ದ. ಹಾಗೆ ಬಾಟಲಿ ಔಷಧಿಯ ಪಟ್ಟಕ್ಕೇರಿತು. ಹೊಟ್ಟೆ ಉಬ್ಬಿದರೆ ಒಂದು ಲೋಟ, ಊಟವಾದ ಮೇಲೆ ಒಂದು ಲೋಟ, ಡ್ಯೂಟಿಗೆ ಹೊರಡುವಾಗ ಚೀಲದಲ್ಲಿ ಒಂದು ಬಾಟಲಿ. ಉಬ್ಬಿದ್ದಕ್ಕೆ ಕುಡಿಯುವುದು, ಕುಡಿದದ್ದಕ್ಕೆ ಉಬ್ಬುವುದು. ಗೋಧಿ ಬಿಟ್ಟು ವರ್ಷವಾದರೂ ಹೊಟ್ಟೆ ಹದಕ್ಕೆ ಬರಲಿಲ್ಲ.

ಎಲ್ಲೋ ಗೋಧಿ ಸೇರುತ್ತಿದೆ ಎಂದು ಬಾಣದಕ್ಕನಿಗೆ ಅನುಮಾನ ಹುಟ್ಟಿತು. ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಕೆಂಪು ಚೀಟಿಗಳ ಹಾಳೆ ಹಿಡಿದು ಅಡುಗೆಮನೆಗೆ ನುಗ್ಗಿದಳು. ಡಬ್ಬದ ಅಂಚಿಗೊಂದು ಬಾಣ, ಬಾಗಿಲ ಹಿಡಿಕೆಗೊಂದು ಬಾಣ, ಕಪಾಟಿನ ಸಂದಿಗೊಂದು ಬಾಣ. ಗುಬ್ಬಿ ಮೊದಲು ನಕ್ಕಳು. “ನಂಗೂ ಒಂದು ಅಂಟಿಸ್ಬಿಡು ಅತ್ತಿಗೆ, ಹಣೆಗೆ.” ಆಮೇಲೆ ಬಾಣ ಬಿದ್ದ ಜಾಗವನ್ನೆಲ್ಲ ಉಜ್ಜಿ ಉಜ್ಜಿ ತೊಳೆದಳು. ಅಲ್ಲಿಗೂ ಹೊಟ್ಟೆ ನೆಟ್ಟಗಾಗಲಿಲ್ಲ. ಯಾವ ಬಾಣಕ್ಕೂ ತಪ್ಪು ಸಿಗದಿದ್ದಾಗ ಕಾರ್ಖಾನೆಯ ಮೊದಲ ನಿಯಮ ಆಕೆಯ ತಲೆಗೆ ಬಂತು. ತನ್ನ ಊಟವನ್ನು ಕೊನೆಗೆ ಮುಟ್ಟುವವರು ಯಾರು?

ಆ ದಿನದ ಬಗ್ಗೆ ಬಾಣದಕ್ಕ ಈಗಲೂ ಪೂರ್ತಿ ಹೇಳುವುದಿಲ್ಲ. ಹೊರದೇಶದ ಗಿರಾಕಿಗಳು ಮಾಲು ನೋಡಲು ಬಂದಿದ್ದರು. ಬೆಳಿಗ್ಗೆಯಿಂದ ಹೊಟ್ಟೆ ಗುಡುಗುಡು ಎನ್ನುತ್ತಿತ್ತೆಂದು ಆಕೆ ಎರಡು ಬಾಟಲಿ ಖಾಲಿ ಮಾಡಿದ್ದಳು. ಗಿರಾಕಿಗಳು ಮೇಜಿನ ಮುಂದೆ ನಿಂತಿರುವಾಗಲೇ ಮೂರು ಸಲ ಎದ್ದು ಓಡಿದಳು. ಮೂರನೆಯ ಸಲ ಶೌಚಾಲಯದ ಬಾಗಿಲು ಒಳಗಿನಿಂದ ಹಾಕಿತ್ತು. ಜೊತೆಯ ಹೆಂಗಸರು ಸುತ್ತ ನಿಂತು ಮರೆ ಮಾಡಿದರು, ಒಬ್ಬಳು ತನ್ನ ಶಾಲು ಕೊಟ್ಟಳು. ಇಪ್ಪತ್ತಾರು ವರ್ಷ ಬೇರೆಯವರ ಬಟ್ಟೆಯ ಮೇಲಿನ ಚುಕ್ಕೆ ಹುಡುಕಿದವಳು ಅವತ್ತು ತಲೆ ತಗ್ಗಿಸಿ ಹಿಂದಿನ ಗೇಟಿನಿಂದ ಮನೆಗೆ ಬಂದಳು.

ಮನೆಯ ಜಗಲಿಯಲ್ಲಿ ಪಕ್ಕದ ಓಣಿಯ ಟೀಚರಮ್ಮ ಮಗಳ ಹುಟ್ಟುಹಬ್ಬದ ಕೇಕ್ ತೆಗೆದುಕೊಳ್ಳಲು ಕೂತಿದ್ದರು. ಗುಬ್ಬಿ ಆಗಷ್ಟೇ ಡಬ್ಬಕ್ಕೆ ದಾರ ಕಟ್ಟುತ್ತಿದ್ದಳು.

“ನನ್ನ ಹೊಟ್ಟೆಗೆ ವಿಷ ಹಾಕಿ ಊರಿಗೆಲ್ಲ ಕೇಕ್ ಹಂಚ್ತಿದೀಯಾ?” ಎಂದಳು ಬಾಣದಕ್ಕ.

ಗುಬ್ಬಿಗೆ ಅರ್ಥವೇ ಆಗಲಿಲ್ಲ. “ಅತ್ತಿಗೆ, ಏನಾಯ್ತು? ನಾನು ಕೈ ತೊಳ್ಕೊಂಡೇ...”

“ತೊಳ್ಕೊಂಡೆ ತೊಳ್ಕೊಂಡೆ ಅಂತ ಸುಳ್ಳು ಬೇರೆ! ತೊಳ್ದಿದ್ರೆ ನಂಗೆ ಈ ಗತಿ ಬರ್ತಿತ್ತಾ? ಮೈಯೆಲ್ಲ ಹಿಟ್ಟು ಮೆತ್ಕೊಂಡು ಅಡುಗೆ ಮಾಡೋ ಕೊಳಕಿ ನೀನು!”

ಟೀಚರಮ್ಮ ಕೇಕ್ ತೆಗೆದುಕೊಂಡು ಹೋದರು. ಆದರೆ ಕೊಳಕಿ ಎಂಬ ಮಾತನ್ನೂ ಜೊತೆಗೆ ತೆಗೆದುಕೊಂಡು ಹೋದರು. ಮನೆಯಲ್ಲಿ ಅಡುಗೆ ಮಾಡಿ ಮಾರುವವಳಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ಮುಂದಿನ ವಾರ ಎರಡು ಆರ್ಡರುಗಳು ಏನೋ ನೆಪ ಹೇಳಿಕೊಂಡು ತಪ್ಪಿದವು. ಅದರ ಮುಂದಿನ ವಾರ ಗುಬ್ಬಿ ಓವನ್ನನ್ನು ತನ್ನ ತಂಗಿಯ ಮನೆಗೆ ಸಾಗಿಸಿ, ಹಿಂಬದಿಯ ಕೋಣೆಯನ್ನು ಫಿನಾಯಿಲ್ ಹಾಕಿ ತೊಳೆದು, ಕೀಲಿಯನ್ನು ಬಾಣದಕ್ಕನ ಕೈಯಲ್ಲಿಟ್ಟಳು. “ನೋಡ್ಕೊಳ್ಳಿ ಅತ್ತಿಗೆ. ಇನ್ನು ಮನೇಲಿ ಒಂದು ಚಿಟಿಕೆ ಹಿಟ್ಟೂ ಇಲ್ಲ.” ಅವಳ ಬಾಯಲ್ಲಿ ‘ನೋಡ್ಕೋ’ ಹೋಗಿ ‘ನೋಡ್ಕೊಳ್ಳಿ’ ಬಂದದ್ದನ್ನು ಬಾಣದಕ್ಕ ಕೇಳಿಸಿಕೊಂಡಳು. ಬುದ್ಧಿ ಬಂತು, ಮರ್ಯಾದೆ ಕಲಿತಳು ಎಂದುಕೊಂಡಳು. ಎಂಥ ದಡ್ಡತನ!

ಓವನ್ ಹೋಯಿತು. ಹೊಟ್ಟೆ ಮಾತ್ರ ಹಾಗೇ ಇತ್ತು. ಇನ್ನೂ ಎಲ್ಲೋ ಹಳೆಯ ಹಿಟ್ಟಿನ ಧೂಳು ಇರಬೇಕು ಎಂದು ಬಾಣದಕ್ಕ ನಾಲ್ಕು ತಿಂಗಳು ತನಗೆ ತಾನೇ ಹೇಳಿಕೊಂಡಳು. ತಪ್ಪು ತನ್ನ ಕಡೆಯೂ ಇರಬಹುದೆಂಬ ಯೋಚನೆ ಬಂದಾಗಲೆಲ್ಲ ಒಂದು ಲೋಟ ಕುಡಿದು, ಒಂದು ತೇಗು ತೇಗಿ, ಅದನ್ನೂ ಹೊರಗೆ ಹಾಕುತ್ತಿದ್ದಳು.

ಕೊನೆಗೆ ಡಾಕ್ಟರಮ್ಮ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, “ಹದಿನೈದು ದಿನ ಬಾಯಿಗೆ ಏನೇನು ಹೋಗುತ್ತೋ ಎಲ್ಲ ಬರ್ಕೊಂಡು ಬನ್ನಿ” ಎಂದರು. ಬರೆಯುವುದರಲ್ಲಿ ಬಾಣದಕ್ಕನದು ಎತ್ತಿದ ಕೈ. ಕಾರ್ಖಾನೆಯ ಫಾರಮ್ಮಿನಂತೆ ಗೆರೆ ಎಳೆದು, ಗಂಟೆ ನಿಮಿಷಗಳ ಸಮೇತ ಬರೆದುಕೊಂಡು ಹೋದಳು. ಜೊತೆಗೆ ಹಿಂದಿನ ವರ್ಷದ ರಕ್ತ ಪರೀಕ್ಷೆಯ ಕವರನ್ನೂ ಒಯ್ದಳು. ಆಗ ಕಾರ್ಖಾನೆಯಲ್ಲಿ ಕೆಲಸ ಮೈಮೇಲೆ ಬಿದ್ದಿದ್ದರಿಂದ ಅದನ್ನು ತೋರಿಸಲು ಡಾಕ್ಟರ ಹತ್ತಿರ ಹೋಗಿರಲಿಲ್ಲ. ಕವರು ಒಡೆಯದೆ ಬೀರುವಿನಲ್ಲೇ ಉಳಿದಿತ್ತು.

ಡಾಕ್ಟರಮ್ಮ ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. “ಗೋಧಿ ಒಂದು ಕಣನೂ ಹೋಗಿಲ್ಲ ಅನ್ಸುತ್ತೆ. ಹೋದ ವರ್ಷದ್ದೂ ನಾರ್ಮಲ್, ಈ ವರ್ಷದ್ದೂ ನಾರ್ಮಲ್. ಇಷ್ಟು ಚೆನ್ನಾಗಿ ಇರೋ ರಿಪೋರ್ಟ್ ನಾನು ನೋಡೋದು ಕಡಿಮೆ. ನಿಮ್ಮನೇಲಿ ಅಡುಗೆ ಮಾಡೋರು ಯಾರು?”

“ತಮ್ಮನ ಹೆಂಡ್ತಿ.”

“ಅವರಿಗೆ ಒಂದು ನಮಸ್ಕಾರ ಹೇಳಿ.” ಆಮೇಲೆ ಫಾರಮ್ಮಿನ ಮೇಲೆ ಪೆನ್ನು ಓಡಿಸುತ್ತ ಒಂದು ಕಡೆ ತಡೆದರು. “ಇದೇನಿದು, ದಿನಾ ಮೂರು ಸಲ, ನಾಲ್ಕು ಸಲ?”

“ಕೂಲ್ ಡ್ರಿಂಕ್ಸ್ ಡಾಕ್ಟ್ರೇ. ಗೋಧಿ ಇಲ್ಲ, ನಾನೇ ಓದಿದೀನಿ.”

“ಗೋಧಿ ಇಲ್ಲ ಸರಿ. ಸಕ್ಕರೆ ಎಷ್ಟಿದೆ ಅಂತ ಓದಿದ್ರಾ? ನಿಮ್ಮ ಕರುಳಿನ ಒಳಗೋಡೆ ಸವೆದುಹೋಗಿತ್ತು, ಈಗ ತುಂಬ್ಕೊಳ್ತಾ ಇದೆ. ಅಷ್ಟು ಸಕ್ಕರೆ ಒಂದೇ ಸಲ ಸುರಿದ್ರೆ ಅದು ಹೀರ್ಕೊಳ್ಳಲ್ಲ. ಉಳಿದಿದ್ದು ಕೆಳಗೆ ಹೋಗಿ ಹುಳಿಯುತ್ತೆ. ಹೊಟ್ಟೆ ಉಬ್ಬುತ್ತೆ, ನೀರಾಗಿ ಹೋಗುತ್ತೆ.”

“ತೇಗು ಬಂದು ಗ್ಯಾಸ್ ಹೋಗ್ತಿತ್ತಲ್ಲ?”

ಡಾಕ್ಟರಮ್ಮ ನಕ್ಕುಬಿಟ್ಟರು. “ಅದು ಬಾಟ್ಲಿಯ ಗ್ಯಾಸು ಕಣಮ್ಮ. ನೀವು ಕುಡಿದಿದ್ದೇ ವಾಪಸ್ ಬರ್ತಿತ್ತು. ಸದ್ಯಕ್ಕೆ ಪೂರ್ತಿ ಬಿಟ್ಟು ನೋಡಿ.”

ಬಾಣದಕ್ಕನಿಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಿಂದಿನ ವರ್ಷದ ವರದಿಯ ತಾರೀಖನ್ನು ಮತ್ತೆ ಮತ್ತೆ ನೋಡಿದಳು. ಗುಬ್ಬಿಯನ್ನು ಕೊಳಕಿ ಎಂದು ಕರೆಯುವುದಕ್ಕೆ ಎರಡು ತಿಂಗಳ ಮುಂಚಿನದು. ಓವನ್ ಇನ್ನೂ ಉರಿಯುತ್ತಿದ್ದ ಕಾಲದ್ದು. ಕವರನ್ನು ಒಡೆದು ನೋಡಿದ್ದರೆ ಸಾಕಾಗಿತ್ತು.

ಬಾಟಲಿ ಬಿಟ್ಟ ಹತ್ತೇ ದಿನಕ್ಕೆ ಹೊಟ್ಟೆ ತಣ್ಣಗಾಯಿತು. ತಮ್ಮನಿಗೆ ಹೇಳಿದಾಗ ಅವನ ಮುಖ ಇಷ್ಟೇ ಇಷ್ಟಾಯಿತು. “ನಾನು ಪ್ರೀತಿಯಿಂದ ತಂದೆ ಅಕ್ಕ.” ಆಮೇಲೆ ದನಿ ತಗ್ಗಿಸಿ, “ಅವಳ ಮುಂದೆ ಇದನ್ನೆಲ್ಲ ಕೆದಕ್ಬೇಡ, ಮನೆ ಈಗ ತಣ್ಣಗಿದೆ” ಎಂದ. ಬಾಣದಕ್ಕನಿಗೂ ಅದೇ ಬೇಕಿತ್ತೋ ಏನೋ, ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡಳು. ಬೇರೆಯವರ ತಪ್ಪಿಗೆ ಆ ಕ್ಷಣವೇ ಚೀಟಿ ಅಂಟಿಸುತ್ತಿದ್ದವಳಿಗೆ ತನ್ನ ತಪ್ಪನ್ನು ಹೇಳಲು ಇಪ್ಪತ್ತೊಂದು ದಿನ ಬೇಕಾಯಿತು. ಅದನ್ನು ನೆನೆದರೆ ಆಕೆಗೆ ಈಗಲೂ ತನ್ನ ಮೇಲೆಯೇ ಅಸಹ್ಯವಾಗುತ್ತದೆ.

ಒಂದು ಮಧ್ಯಾಹ್ನ ಗುಬ್ಬಿ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಬಾಣದಕ್ಕ ಎದುರಿಗೆ ಕೂತು, ವರದಿ, ತಾರೀಖು, ಬಾಟಲಿ, ಡಾಕ್ಟರಮ್ಮನ ನಮಸ್ಕಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. “ಓವನ್ ವಾಪಸ್ ತರಿಸೋಣ. ಟೀಚರಮ್ಮನ ಮನೆಗೆ ನಾನೇ ಹೋಗಿ ಹೇಳ್ತೀನಿ, ತಪ್ಪು ನಂದು ಅಂತ.”

“ಬೇಡಿ ಅತ್ತಿಗೆ. ಆ ಓವನ್ನಲ್ಲಿ ಈಗ ನನ್ನ ತಂಗಿ ಕೆಲ್ಸ ಶುರು ಮಾಡಿದಾಳೆ. ಚೆನ್ನಾಗಿ ನಡೀತಿದೆ.”

“ಎಲ್ಲ ಆ ಹಾಳು ಬಾಟ್ಲಿಂದ ಆಯ್ತು ಗುಬ್ಬಿ.”

ಗುಬ್ಬಿಯ ಕೈ ನಿಂತಿತು. “ಹೊಟ್ಟೆನೋವು ಬಾಟ್ಲಿಂದ ಬಂತು ಅತ್ತಿಗೆ, ಒಪ್ಕೊಳ್ತೀನಿ. ನಾನು ಸುಳ್ಳು ಹೇಳ್ತೀನಿ ಅಂತ ನಿಮಗೆ ಅನ್ನಿಸ್ತಲ್ಲ, ಅದೆಲ್ಲಿಂದ ಬಂತು?”

ಬಾಣದಕ್ಕನ ಕಣ್ಣು ತುಂಬಿತು. “ದೊಡ್ಡ ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ.”

ಗುಬ್ಬಿ ಎದ್ದು ಮಡಚಿದ ಬಟ್ಟೆಗಳನ್ನು ಎತ್ತಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಬಾಣದಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅವತ್ತೇ ಹಾಕ್ಕೊಂಡೆ ಅತ್ತಿಗೆ, ಇಲ್ದಿದ್ರೆ ಇಷ್ಟು ದಿನ ನಿಮಗೆ ಅನ್ನ ಬಡಿಸೋಕಾಗ್ತಿತ್ತಾ? ಹಾಕ್ಕೊಂಡಿದ್ದು ಅರಗಿಲ್ಲ, ಅಷ್ಟೇ.”