ಉಪ್ಪುನೀರಿನ ಇಲಿ

ನಾನು ಔಷಧಶಾಸ್ತ್ರ ಓದಿದವಳು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಎಲ್ಲೋ ನೋಡುವುದರಲ್ಲಿ ತಪ್ಪಿರಬೇಕು ಎಂದು ಒಳಗೊಳಗೇ ನಗುತ್ತಿದ್ದೆ. ಈಗ ನನ್ನದನ್ನೇ ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ರಾಯಾಪುರದ ಕಡೆ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕೃತಕವಾಗಿ ತಯಾರಿಸುವ ಉತ್ತೇಜಕ ಮಾದಕಗಳು ಪ್ರಾಣಿಗಳ ನಡವಳಿಕೆಯನ್ನು ಹೇಗೆ ಬದಲಿಸುತ್ತವೆ ಎಂಬುದು ನನ್ನ ವಿಷಯ. ಆ ಮದ್ದನ್ನು ಚುಚ್ಚಿದರೆ ಬಿಳಿ ಇಲಿ ಸ್ವಲ್ಪ ಹೊತ್ತಿನಲ್ಲೇ ಪೆಟ್ಟಿಗೆಯ ಅಂಚು ಹಿಡಿದು ಓಡತೊಡಗುತ್ತದೆ. ಆಮೇಲೆ ಒಂದೇ ಮೂಲೆಯಲ್ಲಿ ನಿಂತು, ಬಿಡುವಿಲ್ಲದೆ ತಲೆಯಾಡಿಸುತ್ತ ನೆಲ ಮೂಸುತ್ತದೆ. ಹೋಲಿಸಿ ನೋಡಲು ಬೇರೆ ಇಲಿಗೆ ಬರೀ ಉಪ್ಪುನೀರು ಚುಚ್ಚುತ್ತಿದ್ದೆವು. ಅದು ಒಂದಿಷ್ಟು ಅಡ್ಡಾಡಿ, ಮುಖ ಒರೆಸಿಕೊಂಡು ಮಲಗಿಬಿಡುತ್ತಿತ್ತು.

ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ದಸ್ತಗೀರ್ ಕಾಕಾ. ಬೈರಿದೇವರಕೊಪ್ಪದಿಂದ ಸೈಕಲ್ ಮೇಲೆ ಬರುತ್ತಿದ್ದರು. ಅವರದು ಕಾಯಂ ನೌಕರಿಯಲ್ಲ, ವರ್ಷ ವರ್ಷ ಮುಂದುವರಿಸುವ ಕೆಲಸ. ಇಲಿಯನ್ನು ಹೆದರಿಸದೆ ಹಿಡಿಯುವುದನ್ನು ನನಗೆ ಕಲಿಸಿದವರು ಅವರೇ.

ಆ ಮಧ್ಯಾಹ್ನ ಒಂದೇ ತಾಯಿಯ ಎರಡು ಇಲಿಗಳನ್ನು ತೆಗೆದುಕೊಂಡಿದ್ದೆ. ಗುರುತಿಗೆ ಒಂದರ ಬಾಲಕ್ಕೆ ಒಂದು ಗೀಟು, ಇನ್ನೊಂದಕ್ಕೆ ಎರಡು. ಎರಡು ಸಿರಿಂಜುಗಳನ್ನು ತುಂಬಿಟ್ಟವರು ನಮ್ಮ ಗೈಡ್ ಸರ್. ಯಾವುದರಲ್ಲಿ ಏನಿದೆ ಎಂಬುದು ನನಗೆ ಗೊತ್ತಿರಬಾರದೆಂಬುದು ನಿಯಮ. ಒಂದಕ್ಕೊಂದು ಕಾಣದಂತೆ ಪೆಟ್ಟಿಗೆಗಳ ನಡುವೆ ಹಲಗೆ ಇತ್ತು. ಒಂದು ಗೀಟಿನದು ಓಡಿತು, ಮೂಲೆ ಹಿಡಿದು ತಲೆಯಾಡಿಸಿತು. ಎರಡು ಗೀಟಿನದು ಮಲಗಿತು. ಎಂದಿನಂತೆ ಪ್ರಯೋಗದ ಪುಸ್ತಕದಲ್ಲಿ ಬರೆದುಕೊಂಡೆ.

ಕೊನೆಗೆ ಬಾಲದಿಂದ ರಕ್ತ ತೆಗೆಯುವಾಗ ಇಲಿಗಳನ್ನು ಹಿಡಿದುಕೊಂಡಿದ್ದ ಕಾಕಾ, "ಅಕ್ಕಾರ, ಮಲಗಿದ್ದರ ಎದಿ ಭಾಳ ಜೋರ ಬಡ್ಯಾಕತ್ತೇತಿ ನೋಡ್ರಿ," ಎಂದರು. ಮುಟ್ಟಿ ನೋಡಿದೆ. ಮದ್ದು ಏರಿದ ಇಲಿಯ ಹಾಗೆ ಅದರ ಮೈ ಸುಡುತ್ತಿತ್ತು. ಅಷ್ಟು ಕುಣಿದ ಇಲಿಯ ಮೈ ತಣ್ಣಗಿತ್ತು.

ಯಾವ ಇಲಿಗೆ ಯಾವುದು ಎಂದು ಬರೆದಿಟ್ಟಿದ್ದ ಚೀಟಿಯನ್ನು ಸಂಜೆ ಸರ್ ತೆರೆದರು. ಓಡಿದ ಇಲಿಗೆ ಸಿಕ್ಕದ್ದು ಉಪ್ಪುನೀರು. ಮದ್ದು ಹೋದದ್ದು ಮಲಗಿದ ಇಲಿಗೆ.

ಕಾಕಾ ಇಲಿಗಳನ್ನು ಅದಲುಬದಲು ಮಾಡಿದ್ದಾರೆ, ಹಾಗೆಂದೇ ಬರೆಯಿರಿ ಎಂದರು ಸರ್. ಹಾಗೆ ಬರೆದರೆ ಮುಂದಿನ ವರ್ಷ ಕಾಕಾರಿಗೆ ಕೆಲಸವಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನ ಪಿಎಚ್.ಡಿ. ಇದ್ದದ್ದು ಸರ್ ಕೈಯಲ್ಲಿ. ಆದರೂ ಹೇಳಿದೆ: "ಬಾಲದ ಗೀಟು ನಾನ ಹಾಕೇನ್ರಿ ಸರ್. ಚುಚ್ಚಿದಾಕಿನೂ ನಾನ. ತಪ್ಪಾಗಿದ್ರ ನಂದು. ಕಾಕಾರ ಹೆಸರು ನಾ ಬರಿಯಂಗಿಲ್ಲ."

ರಕ್ತದ ವರದಿ ಬರಲಿ, ಆಮೇಲೆ ನೋಡೋಣ ಎಂದರು ಸರ್. ನಾಲ್ಕು ದಿನಕ್ಕೆ ರಕ್ತದ ವರದಿ ಬಂತು. ಮದ್ದು ಇದ್ದದ್ದು ಮಲಗಿದ ಇಲಿಯ ರಕ್ತದಲ್ಲೇ. ಓಡಿದ್ದರಲ್ಲಿ ಲವಲೇಶವೂ ಇರಲಿಲ್ಲ. ಯಾರೂ ಏನನ್ನೂ ಅದಲುಬದಲು ಮಾಡಿರಲಿಲ್ಲ. ಸರ್ ವರದಿಯನ್ನು ಮೂರು ಸಲ ಓದಿ, ನನ್ನ ಪುಸ್ತಕ ತೆಗೆದುಕೊಂಡು 'ಕಾರಣ ತಿಳಿಯಲಿಲ್ಲ' ಎಂದು ತಾವೇ ಬರೆದರು. ಕಾಕಾರ ಕೆಲಸ ಉಳಿಯಿತು.

ಒಡಹುಟ್ಟಿದವು ಎಂದು ಹೀಗಾಯಿತೇ ಎಂದು ಒಮ್ಮೆ ಕಾಕಾರನ್ನು ಕೇಳಿದೆ. "ಹಂಗ ಅಂತ ನಾ ಹೆಂಗ ಹೇಳ್ಲಿರಿ? ಎಷ್ಟೋ ಒಡಹುಟ್ಟಿದ್ವು ಇಲ್ಲಿ ಬಂದು ಹೋಗ್ಯಾವ," ಎಂದರು. ನಿಜ. ಅದಾದ ಮೇಲೆ ಎಷ್ಟೋ ಜೋಡಿಗಳಿಗೆ ನಾನೇ ಚುಚ್ಚಿದ್ದೇನೆ. ಮತ್ತೆಂದೂ ಹಾಗಾಗಲಿಲ್ಲ.

ಒಂದನ್ನು ಮಾತ್ರ ನಾನು ಪುಸ್ತಕದಲ್ಲಿ ಬರೆಯಲಿಲ್ಲ, ಸರ್ ಮುಂದೆಯೂ ಹೇಳಲಿಲ್ಲ. ರಕ್ತ ತೆಗೆದ ಮೇಲೆ, ಚೀಟಿ ತೆರೆಯುವ ಮೊದಲು, ಕಾಕಾ ಎರಡೂ ಇಲಿಗಳನ್ನು ಒಂದೇ ಗೂಡಿಗೆ ಬಿಟ್ಟಿದ್ದರು. ಒಂದು ಗೀಟಿನದು ಇನ್ನೂ ತಲೆಯಾಡಿಸುತ್ತಲೇ ಇತ್ತು. ಎರಡು ಗೀಟಿನದು ಎದ್ದು ಹತ್ತಿರ ಹೋಗಿ ಅದರ ಮೂತಿಗೆ ಮೂತಿ ತಾಗಿಸಿತು. ಕ್ಷಣದಲ್ಲೇ ಆ ತಲೆಯಾಟ ನಿಂತಿತು. ಅದು ಗೂಡಿನಲ್ಲಿ ಹಾಸಿದ್ದ ಹೊಟ್ಟಿನ ಮೇಲೆ ಮೈ ಮಡಚಿ ಮಲಗಿತು.

ಎರಡು ಗೀಟಿನದು ಗೂಡಿನ ಅಂಚು ಹಿಡಿದು ಓಡತೊಡಗಿತು.