ಮೂರು ಸಲ ರಿಪೇರಿಯಾದ ರೇಡಿಯೋ

ನಮ್ಮ ಮನೆಯ ರೇಡಿಯೋ ಮೂರು ಸಲ ರಿಪೇರಿಗೆ ಹೋಯಿತು. ಮೂರು ಸಲವೂ ಅದಕ್ಕೆ ಏನೂ ಆಗಿರಲಿಲ್ಲ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ವಠಾರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದರು. ತಗಡಿನ ಹಾಳೆಯನ್ನು ಒಂದೇ ಏಟಿಗೆ ಡಬ್ಬಿಯ ಮುಚ್ಚಳ ಮಾಡುವ ಯಂತ್ರ ಅದು. ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿದ್ದಾಗ ಗೇಟಿನಲ್ಲಿ ನಿಂತೇ ನನ್ನ ಎದೆ ಅದುರಿತ್ತು. ಅಂಥ ಪ್ರೆಸ್ಸು ಒಂದಲ್ಲ, ಸಾಲಾಗಿ ಎಂಟಿದ್ದವು. ಅಪ್ಪನದು ಆ ಸಾಲಿನ ನಡುವೆ.

ಸಂಜೆ ಅಪ್ಪ ಕೈಕಾಲು ತೊಳೆದು ಕೂತರೆ ಅಮ್ಮ ಕಾಫಿ ಕೊಟ್ಟು, ಪಕ್ಕದಲ್ಲೇ ಕೂತು ದಿನದ ವರದಿ ಒಪ್ಪಿಸುತ್ತಿದ್ದಳು. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ನಿಂತಿತು, ಯಾರ ಮನೆಗೆ ನೆಂಟರು ಬಂದರು, ನನ್ನ ತಮ್ಮ ಶಾಲೆಯಲ್ಲಿ ಏನು ಕಿತಾಪತಿ ಮಾಡಿದ, ಎಲ್ಲವೂ. ಅಮ್ಮನದು ತೀರಾ ಸಣ್ಣ ದನಿ. ಬೀದಿಯಲ್ಲಿ ಹೋಗುವ ಸೊಪ್ಪಿನವಳನ್ನು ಕೂಗಲೂ ನನ್ನನ್ನೇ ಕಳಿಸುತ್ತಿದ್ದಳು. ಗಟ್ಟಿಯಾಗಿ ಮಾತಾಡು ಎಂದರೆ ಅವಳ ಗಂಟಲು ಕಟ್ಟುತ್ತಿತ್ತೇ ಹೊರತು ದನಿ ಏರುತ್ತಿರಲಿಲ್ಲ. ಅಪ್ಪ ಅವಳ ಮುಖ ನೋಡುತ್ತಾ ನಗುತ್ತಿದ್ದರು, ನಡುನಡುವೆ ತಾವೂ ಒಂದು ಮಾತು ಸೇರಿಸುತ್ತಿದ್ದರು. ಅವರಿಬ್ಬರಿಗೂ ಬೇರೆ ಸಿನಿಮಾ ನಾಟಕ ಏನೂ ಬೇಕಿರಲಿಲ್ಲ.

ಯಾವಾಗಿನಿಂದ ಅಪ್ಪ ಬರೀ "ಹೂಂ" ಅನ್ನತೊಡಗಿದರೋ ನನಗೆ ನೆನಪಿಲ್ಲ. ನೆನಪಿರುವುದು ರೇಡಿಯೋ. ವಾರ್ತೆಯ ಹೊತ್ತಿಗೆ ಅದರ ಕಿವಿ ತಿರುಗಿಸಿ ತಿರುಗಿಸಿ, "ಇದರ ವಾಲ್ವ್ ಹೋಗಿದೆ ಕಣೇ, ದನೀನೇ ಏಳಲ್ಲ" ಎನ್ನುತ್ತಿದ್ದರು. ಆ ಹೊತ್ತಿಗೆ ವಠಾರದ ಆ ಕೊನೆಯ ಮನೆಯವರೂ ನಮ್ಮ ರೇಡಿಯೋದಿಂದಲೇ ವಾರ್ತೆ ಕೇಳುತ್ತಿದ್ದರು. ನಾನೋ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಮೆಜೆಸ್ಟಿಕ್ ಕಡೆಯ ಆಫೀಸೊಂದರಲ್ಲಿ ದಿನವೆಲ್ಲ ಟೈಪ್ ಮಾಡಿ, ಬಸ್ಸಿನಲ್ಲಿ ನೇತಾಡಿಕೊಂಡು ಬಂದವಳಿಗೆ ಆ ಗದ್ದಲ ಸಹಿಸಲಾಗುತ್ತಿರಲಿಲ್ಲ. "ಕಿವಿ ಏನು ಕೇಳಲ್ವಾ?" ಎಂದು ಸಿಡುಕುತ್ತಿದ್ದೆ. ಎಲ್ಲರೂ ಬೈಯುವ ಬೈಗುಳ ಅದು. ಅದರ ಅರ್ಥ ಯಾರು ನೋಡುತ್ತಾರೆ?

ಮೂರನೆಯ ಸಲ ರೇಡಿಯೋ ತರಲು ಗೋವಿಂದರಾಜನಗರದ ಅಂಗಡಿಗೆ ನಾನೊಬ್ಬಳೇ ಹೋಗಿದ್ದೆ. ರಿಪೇರಿಯವರು ಅದನ್ನು ಹಚ್ಚಿ ತೋರಿಸಿದರು. ಅಂಗಡಿ ತುಂಬ ದನಿ.

"ಮೂರು ಸಲ ಬಿಚ್ಚಿ ನೋಡಿದೀನಮ್ಮಾ, ಇದ್ರಲ್ಲಿ ಏನೂ ಇಲ್ಲ. ತಪ್ಪು ತಿಳ್ಕೋಬೇಡಿ, ನಿಮ್ಮ ತಂದೆಯವ್ರ ಕಿವೀನ ಒಂದ್ಸಲ ಡಾಕ್ಟ್ರಿಗೆ ತೋರ್ಸಿ. ನಮ್ಮಣ್ಣನೂ ಪ್ರೆಸ್‌ಶಾಪಲ್ಲೇ ಇದ್ದ."

ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅಳುತ್ತಾ ಬಂದೆ. ಇಷ್ಟು ದಿನ ಸಿಡುಕಿದ್ದೆಲ್ಲ ಒಂದೊಂದಾಗಿ ನೆನಪಾಗಿ ನನ್ನ ನಾಲಿಗೆ ಸೀದುಹೋಗಬಾರದೇ ಅನ್ನಿಸಿತು.

ಅಮ್ಮನಿಗೆ ಅಡುಗೆಮನೆಯಲ್ಲಿ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

"ನಂಗೂ ಅನುಮಾನ ಇತ್ತು ಕಣೇ. ಈಗ ಹೇಳ್ಬೇಡ. ಗೊತ್ತಾದ್ರೆ ಅವರೇ ಹೋಗಿ ಸಾಹೇಬ್ರ ಮುಂದೆ ಒಪ್ಕೊಂಡ್ಬಿಡ್ತಾರೆ, ಸುಳ್ಳು ಹೇಳೋರಲ್ಲ. ಕೆಲಸದಿಂದ ತೆಗೆದ್ರೆ? ನಿನ್ನ ಮದುವೆ ಇದೆ, ತಮ್ಮನ ಓದಿದೆ. ಇನ್ನು ಮೂರು ವರ್ಷ ತಾನೇ? ರಿಟೈರ್ ಆಗ್ಲಿ, ನಿಧಾನಕ್ಕೆ ಹೇಳೋಣ."

ನಾನು ಒಪ್ಪಿದೆ. ನನ್ನ ಮದುವೆಯ ಹೆಸರು ಬಂದದ್ದಕ್ಕೇ ಒಪ್ಪಿದೆನೇನೋ ಎಂದು ಈಗಲೂ ನಾಚಿಕೆಯಾಗುತ್ತದೆ.

ಅಮ್ಮ ಶೀತದ ನೆಪ ಹೇಳಿ ಅಪ್ಪನ ಕಿವಿಗೆ ಹತ್ತಿ ಇಟ್ಟು ಕಳಿಸತೊಡಗಿದಳು. ಅವರು ಗೇಟಿನಲ್ಲೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೇಳಿದರೆ, "ಮಿಷನ್ ಸದ್ದು ಕೇಳ್ಬೇಕಮ್ಮಾ. ಏಟು ಬೀಳೋ ಮುಂಚೆ ಅದು ಒಂಥರಾ ಉಸಿರು ಎಳ್ಕೊಳತ್ತೆ. ಅದು ಕೇಳ್ದೆ ಕೈ ಹಾಕಿದ್ರೆ ಬೆರಳು ಹೋಯ್ತು" ಎಂದರು. ಆ ಶಾಪಿನಲ್ಲಿ ಬೆರಳು ಕಳೆದುಕೊಳ್ಳದವರೇ ಕಡಿಮೆ. ಅಪ್ಪ ಬೆರಳು ಉಳಿಸಿಕೊಳ್ಳಲು ಕಿವಿ ತೆರೆದಿಟ್ಟರು, ಯಂತ್ರ ಕಿವಿಯನ್ನು ತೆಗೆದುಕೊಂಡಿತು. ಈಗಿನ ಮೊಬೈಲಾದರೂ ಇಯರ್‌ಫೋನಿನ ಸದ್ದು ಜಾಸ್ತಿಯಾಯಿತು ನೋಡು ಎಂದು ಎಚ್ಚರಿಸುತ್ತದೆ. ಮೊಮ್ಮಕ್ಕಳು ಆ ಎಚ್ಚರಿಕೆಯನ್ನು ಒತ್ತಿ ಅತ್ತ ತಳ್ಳಿದಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಆಮೇಲೆ ಡಾಕ್ಟರೊಬ್ಬರು ಹೇಳಿದರು: ಗದ್ದಲದಲ್ಲಿ ಕೆಟ್ಟ ಕಿವಿಗೆ ಮೊದಲು ತಪ್ಪಿಹೋಗುವುದು ಸಣ್ಣ ದನಿಗಳು. ಲಾರಿ ಕೇಳುತ್ತದೆ, ಕಾರ್ಖಾನೆಯ ಸೈರನ್ ಕೇಳುತ್ತದೆ, ಮೇಸ್ತ್ರಿಯ ಕೂಗೂ ಕೇಳುತ್ತದೆ. ಹಾಗಾಗಿ ಅಪ್ಪನಿಗೆ ತಾವು ಕಿವುಡಾಗುತ್ತಿದ್ದೇವೆ ಎಂಬ ಅನುಮಾನವೇ ಬರಲಿಲ್ಲ. ರೇಡಿಯೋ ಬಿಟ್ಟರೆ ಕೇಳದೇ ಹೋದದ್ದು ಹೆಂಡತಿಯ ಮಾತು ಮಾತ್ರ. ಅಮ್ಮ ಹೇಳಿದ್ದನ್ನು ನಾನು ಪಕ್ಕದಲ್ಲಿ ಕೂತು, ಏನೋ ಸ್ವಂತ ಮಾತಿನಂತೆ, ಗಟ್ಟಿಯಾಗಿ ಮತ್ತೆ ಹೇಳುತ್ತಿದ್ದೆ. ಎರಡು ವರ್ಷ ಹಾಗೆ ನಡೆಯಿತು. ನಂತರ ನಾನು ಮದುವೆಯಾಗಿ ವಿಜಯನಗರಕ್ಕೆ ಹೋದೆ.

ರಿಟೈರಾದ ದಿನ ನಾನೂ ತವರಿನಲ್ಲಿದ್ದೆ. ಅಪ್ಪ ಕೊರಳಲ್ಲಿ ಹಾರ ಹಾಕಿಕೊಂಡೇ ಮನೆಗೆ ಬಂದರು. ಎರಡೂ ಕೈ ಚಾಚಿ, "ನೋಡ್ರೇ, ಹತ್ತೂ ಇದಾವೆ!" ಎಂದು ಮಗುವಿನಂತೆ ನಕ್ಕರು. ಅಮ್ಮ ಆ ಕೈಗಳನ್ನು ನೋಡಿ ಅತ್ತಳು. ಅವಳು ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು ಅಪ್ಪ. ಅವತ್ತೂ ನಾವು ಹೇಳಲಿಲ್ಲ. ಇವತ್ತು ಬೇಡ, ಹಬ್ಬ ಕಳೀಲಿ, ಇನ್ನೊಂದು ವಾರ ಹೋಗ್ಲಿ ಎಂದು ಮುಂದೂಡಿದೆವು.

ಅದಾಗಿ ಎರಡು ಮೂರು ತಿಂಗಳಿಗೆ ಒಂದು ಭಾನುವಾರ ತವರಿಗೆ ಹೋಗಿದ್ದೆ. ಅಪ್ಪ ಬಾಗಿಲಿನ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ಅವರ ಹಿಂದೆ ಅಮ್ಮ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ, ಕೆಂಗೇರಿಯ ಚಿಕ್ಕಮ್ಮನ ಮನೆಯ ನಾಮಕರಣದ ವಿಷಯ ಅವರಿಗೆ ಹೇಳುತ್ತಿದ್ದಳು. ಅಪ್ಪ ನನ್ನನ್ನು ಹತ್ತಿರ ಕರೆದರು. ತಾವು ಗುಟ್ಟಾಗಿ ಹೇಳುತ್ತಿದ್ದೇವೆ ಎಂದುಕೊಂಡು, ವಠಾರಕ್ಕೆಲ್ಲ ಕೇಳುವ ಹಾಗೆ ಹೇಳಿದರು:

"ನಿಮ್ಮಮ್ಮ ನನ್ನ ಹತ್ರ ಮಾತು ಬಿಟ್ಟಿದಾಳೆ ಕಣಮ್ಮಾ. ಮನೇಲೇ ಇದೀನಲ್ಲ ಈಗ, ಕೂತು ಮಾತಾಡೋಣ ಅಂತ ಎಷ್ಟು ಆಸೆ ಇತ್ತು. ನನ್ನಿಂದ ಏನು ತಪ್ಪಾಯ್ತೋ ನೀನೇ ಕೇಳಿ ಹೇಳು."

ಅಮ್ಮನ ಕೈ ಅಲ್ಲೇ ನಿಂತಿತು. ನಾನು ಅಪ್ಪನ ಕಿವಿಗೆ ಬಾಯಿಟ್ಟು ಕಿರುಚಿದೆ: "ಅಪ್ಪಾ, ಅಮ್ಮ ಮಾತಾಡ್ತಾನೇ ಇದಾಳೆ. ನಿಮಗೆ ಕೇಳಿಸ್ತಾ ಇಲ್ಲ!"

ಅಪ್ಪ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. "ಯಾವಾಗಿಂದ?" ಎಂದು ಅಮ್ಮನನ್ನೇ ಕೇಳಿದರು.

ಅಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ಬಂದು, ಅವರ ಮೊಣಕಾಲ ಬಳಿ ಕೂತಳು. ಮುಚ್ಚಿಟ್ಟದ್ದು, ಯಾಕೆ ಮುಚ್ಚಿಟ್ಟೆ ಎಂಬುದು, ತಪ್ಪಾಯಿತು ಎಂಬುದು, ಎಲ್ಲವನ್ನೂ ಬಿಕ್ಕುತ್ತಾ ತನ್ನ ಆ ಸಣ್ಣ ದನಿಯಲ್ಲೇ ಹೇಳಿದಳು. ಅಪ್ಪ ಕಣ್ಣು ಮಿಟುಕಿಸದೆ ಅವಳ ತುಟಿಗಳನ್ನೇ ನೋಡುತ್ತಿದ್ದರು. ಅವಳು ಹೇಳಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, "ಏನಂದ್ಲು?" ಎಂದರು.